ಬೀಟೆ ಎಂದು ಬರೆದುಬಿಟ್ಟ ಗಿಟಾರು

ಕೆಲಸದ ದಿನಗಳನ್ನು ನೆನೆದರೆ ನನಗೆ ಮೊದಲು ಕೇಳಿಸುವುದು ಮೊಳೆ ಕೀಳುವ ಸದ್ದು. ಮರದ ಪೆಟ್ಟಿಗೆಯ ಮುಚ್ಚಳದ ಸಂದಿಗೆ ಮೀಟುಕೋಲು ತೂರಿಸಿ ಒತ್ತಿದರೆ ಮೊಳೆ ಮೊದಲು ನರಳುತ್ತದೆ, ಆಮೇಲೆ ಉದ್ದಕ್ಕೆ ಕಿರುಗುಡುತ್ತದೆ, ಕೊನೆಗೆ ಟಕ್ಕೆಂದು ಬಿಟ್ಟುಕೊಡುತ್ತದೆ. ನಮ್ಮ ಹಲಸಿನ ಹಲಗೆ ಸುಲಭಕ್ಕೆ ಮೊಳೆ ಬಿಡುವುದಿಲ್ಲ. ಹೊರದೇಶದ ಪೈನ್ ಮರಕ್ಕೆ ಅಷ್ಟು ಹಟವಿಲ್ಲ. ಸದ್ದು ಕೇಳಿಯೇ ಪೆಟ್ಟಿಗೆ ಇಲ್ಲಿಯದೋ ಹೊರಗಿನದೋ ಎಂದು ಹೇಳುವಷ್ಟು ನಾನು ಪಳಗಿದ್ದೆ. ಆ ಟಕ್ ಮತ್ತು ಮುಚ್ಚಳ ಮೇಲೇಳುವುದರ ನಡುವಿನ ಒಂದು ಕ್ಷಣ ಇದೆಯಲ್ಲ, ಒಳಗೆ ಎಂತ ಇದ್ದೀತು ಎನ್ನುವ ಕ್ಷಣ, ಫ್ರ್ಯಾಂಕ್ಲಿ, ನಾನು ಇಷ್ಟು ವರ್ಷ ಕೆಲಸ ಮಾಡಿದ್ದು ಅದಕ್ಕಾಗಿಯೇ.

ಕಸ್ಟಮ್ಸ್ ಕ್ಲಿಯರಿಂಗ್ ಲೈನಿಗೆ ಈಗ ಸೇರುತ್ತಿರುವ ಹುಡುಗ ಹುಡುಗಿಯರಿಗೆ ಈ ಸದ್ದು ಗೊತ್ತಿಲ್ಲ. ನಿಮ್ಮ ಪೆಟ್ಟಿಗೆಗಳಿಗೆ ಟೇಪು, ಕ್ಲಿಪ್ಪು. ಎಷ್ಟೋ ಸಲ ನೀವು ಪೆಟ್ಟಿಗೆಯನ್ನು ನೋಡುವುದೂ ಇಲ್ಲ, ಪರದೆಯ ಮೇಲೆ ಅದರ ನಂಬರು ನೋಡುತ್ತೀರಿ. ದೂರುತ್ತಿಲ್ಲ. ನಮ್ಮ ಕಾಲದಲ್ಲಿ ಎಂಟು ಕಾರ್ಬನ್ ಪ್ರತಿಗಳ ನಡುವೆ ಒಂದಕ್ಷರ ತಪ್ಪಿದರೆ ಎಲ್ಲವನ್ನೂ ಮತ್ತೆ ಟೈಪು ಹೊಡೆಯಬೇಕಿತ್ತು. ಅದರಲ್ಲಿ ನೆನೆದು ಮರುಗುವಂಥದ್ದು ಏನೂ ಇಲ್ಲ.

ಹೊರದೇಶದಿಂದ ಬಂದ ಸಾಮಾನನ್ನು ಅದರ ಒಡೆಯರ ಪರವಾಗಿ ಕಸ್ಟಮ್ಸ್‌ನಿಂದ ಬಿಡಿಸಿಕೊಡುವುದು ನಮ್ಮ ಕಂಪನಿಯ ಕೆಲಸ. ಹೆಡ್ ಆಫೀಸು ಮಂಗಳೂರಿನಲ್ಲಿ. ಕುಂದಾಪುರದ್ದು ಬ್ರಾಂಚು, ಹಂಚಿನ ವ್ಯಾಪಾರಿಯೊಬ್ಬರ ಅಂಗಡಿಯ ಮೇಲಿನ ಎರಡು ಕೋಣೆ. ಕಾನ್ವೆಂಟಿನಲ್ಲಿ ಓದಿದ ಹುಡುಗಿ, ಇಂಗ್ಲಿಷ್ ಪ್ರಾಪರ್ ಆಗಿ ಬರೆಯುತ್ತಾಳೆ ಎಂದು ನನ್ನನ್ನು ತೆಗೆದುಕೊಂಡವರು ಕಂಪನಿಯ ಯಜಮಾನರಾದ ರಾಯರು. ಆಗ ನಮ್ಮ ಕೋಟದ ಕಡೆಯ ಹೆಣ್ಣುಮಕ್ಕಳು ಬಂದರಿನ ಶೆಡ್ಡಿಗೆ ಹೋಗುವುದೆಂದರೆ ಮನೆಯಲ್ಲಿ ಒಂದು ವಾರದ ಮಾತು. ರಾಯರು ಅಪ್ಪನಿಗೆ ಹೇಳಿ ಒಪ್ಪಿಸಿದರು. ನಾನಂತೂ ಕುಣಿಯುತ್ತಲೇ ಹೋದೆ. ಶೆಡ್ಡಿನವರು ನನಗಿಟ್ಟ ಹೆಸರು ಇಣುಕುವ ಸುಮತಿ.

ಮೊದಲ ದೊಡ್ಡ ತಪ್ಪು ಸೇರಿದ ವರ್ಷವೇ ಆಯಿತು. ನಾವುಂದದಿಂದ ಮದುವೆಯಾಗಿ ಆಫ್ರಿಕಾಕ್ಕೆ ಹೋದ ಹೆಂಗಸೊಬ್ಬರು ಸಂಸಾರ ಸಮೇತ ಊರಿಗೆ ಮರಳಿದ್ದರು. ಅವರ ಪೆಟ್ಟಿಗೆಗಳಲ್ಲಿ ಒಂದು ವಿಪರೀತ ಭಾರ. ಮೊಳೆ ಕಿತ್ತು ನೋಡಿದರೆ ಅರೆಯುವ ಕಲ್ಲು. ತವರಿನಿಂದ ಹಡಗಿನಲ್ಲಿ ಹೋದದ್ದು, ಹಾಗೇ ವಾಪಸು ಬಂದಿತ್ತು. ಅಜ್ಜಿಯ ಕಾಲದ್ದು ಎಂದು ಆ ಅಮ್ಮ ಹೇಳಿದ್ದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಡಿಸ್ಕ್ರಿಪ್ಷನ್ ಕಾಲಮ್ಮಿನಲ್ಲಿ ನನ್ನ ಕಾನ್ವೆಂಟ್ ಇಂಗ್ಲಿಷಿನಲ್ಲಿ, ವಂಶಪಾರಂಪರ್ಯವಾಗಿ ಬಂದ ಪುರಾತನ ಶಿಲೆ ಎಂಬರ್ಥ ಬರುವಂತೆ ಚೆಂದ ಮಾಡಿ ಬರೆದೆ. ಅಧಿಕಾರಿ ಓದಿದರು, ಪುರಾತನ ಶಿಲೆಯಾದರೆ ಪುರಾತತ್ವದವರನ್ನು ಕೇಳಬೇಕು ಎಂದು ಬದಿಗಿಟ್ಟರು. ಪುರಾತತ್ವದವರು ಬಂದು ನೋಡುವವರೆಗೆ ಆ ಮನೆಯಲ್ಲಿ ಪಕ್ಕದವರ ಕಲ್ಲಿನಲ್ಲಿ ಚಟ್ನಿ ಅರೆದರು.

ರಾಯರು ಗದರಲಿಲ್ಲ. ಕಾಲಮ್ಮಿನ ಮೇಲೆ ಪೆನ್ಸಿಲಿನಿಂದ ಕುಟ್ಟಿ ಹೇಳಿದರು: "ಸುಮತಿ, ಇಲ್ಲಿ ನಿಂಗೆ ಗೊತ್ತಿದ್ದದ್ದ್ ಬರುದಲ್ಲ. ಕಂಡದ್ದ್ ಬರಿ. ಕಾಣದೇ ಇದ್ರೆ ಕೇಣ್."

ಕಂಡದ್ದನ್ನು ಬರೆ, ಕಾಣದಿದ್ದರೆ ಕೇಳು ಎನ್ನುವ ಈ ಮಾತು ನನಗೆ ಚೆನ್ನಾಗಿ ನಾಟಿತು ಎಂದೇ ಎಷ್ಟೋ ವರ್ಷ ಅಂದುಕೊಂಡಿದ್ದೆ.

ಕಂಡದ್ದನ್ನು ಬರೆಯುವುದು ಎಷ್ಟು ಕಷ್ಟವಾಗಬಹುದು ಎನ್ನುವುದಕ್ಕೆ ಬೈಂದೂರಿನ ಒಂದು ಟ್ರಂಕು ನೆನಪಾಗುತ್ತದೆ. ಹಡಗಿನಲ್ಲಿ ಅಡುಗೆಯವನಾಗಿದ್ದವನೊಬ್ಬ ಸಮುದ್ರದ ಮೇಲೆಯೇ ಜ್ವರದಿಂದ ತೀರಿಕೊಂಡು, ಅವನ ಸಾಮಾನು ಮಾತ್ರ ಬಂದಿತ್ತು. ಇಂಥದ್ದರಲ್ಲಿ ಒಂದೊಂದು ವಸ್ತುವಿಗೂ ಒಂದೊಂದು ಸಾಲು ಬರೆಯಬೇಕು. ಅಂಗಿ, ರೇಜರು, ಕಾಗದ ಬಿಚ್ಚದ ಕಾಲುಚೀಲ. ತಳದಲ್ಲಿ ಒಂದು ಗಾಜಿನ ಭರಣಿ. ನಾನು ಬರೆದದ್ದು: ಮಾವಿನ ಮಿಡಿ ಉಪ್ಪಿನಕಾಯಿ, ಅರ್ಧ. ಸಾಮಾನು ಒಪ್ಪಿಸುವಾಗ ತಾಯಿಗೆ ಪಟ್ಟಿಯನ್ನು ಕನ್ನಡದಲ್ಲಿ ಓದಿ ಹೇಳಬೇಕಾಯಿತು. ಅಷ್ಟುದ್ದದ ಪಟ್ಟಿಯಲ್ಲಿ ಆಕೆ ಅದೊಂದು ಸಾಲನ್ನು ಇನ್ನೊಮ್ಮೆ ಓದಿಸಿದರು. "ಅರ್ಧ ಆದ್ರೂ ತಿಂದಿದ್ದ ಅಲ್ದಾ?" ಎಂದರು. ಭರಣಿಯನ್ನು ಸೆರಗಿನಲ್ಲಿ ಒರೆಸಿ ತೆಗೆದುಕೊಂಡರು. ಆ ಕಾಲಮ್ಮಿನಲ್ಲಿ ನಾನು ಉಪ್ಪಿನಕಾಯಿ ಎಂದಷ್ಟೇ ಬರೆದಿದ್ದರೂ ಕಸ್ಟಮ್ಸ್‌ನವರಿಗೆ ಸಾಕಾಗುತ್ತಿತ್ತು.

ರಾಯರು ಹೋದ ಮೇಲೆ ಅವರ ಮಗ, ನಾವು ಸಣ್ಣ ರಾಯರು ಎನ್ನುತ್ತಿದ್ದವರು, ಕಂಪನಿ ನಡೆಸಿದರು. ಟೆಲೆಕ್ಸ್ ಹೋಗಿ ಫ್ಯಾಕ್ಸ್ ಬಂತು, ಅದೂ ಹೋಗಿ ಕಂಪ್ಯೂಟರ್ ಬಂತು. ಸಿಸ್ಟಮ್ಮೇ ಯಾವ ಪೆಟ್ಟಿಗೆ ತೆರೆಯಬೇಕು, ಯಾವುದು ಬೇಡ ಎಂದು ತೀರ್ಮಾನಿಸತೊಡಗಿತು. ನಾವು ತುಂಬಿದ್ದನ್ನು ಅದು ನಂಬುತ್ತದೆ. ನಂಬಿಕೆ ಕೆಟ್ಟದ್ದಲ್ಲ, ಆದರೆ ನಂಬುವವರ ಎದುರು ತಪ್ಪು ಮಾಡುವುದು ಬಹಳ ಸುಲಭ. ನನ್ನ ನಿವೃತ್ತಿಗೆ ಸ್ವಲ್ಪ ಮೊದಲು ಗಿಟಾರು ಬಂದದ್ದು ಇಂಥ ಕಾಲದಲ್ಲಿ.

ಗಿಟಾರಿನ ಕಥೆ ನಾನು ಹೈಸ್ಕೂಲಿನಲ್ಲಿದ್ದಾಗ ಶುರುವಾದದ್ದು. ನಮ್ಮ ಕಾನ್ವೆಂಟಿಗೆ ಹಾಡು ಕಲಿಸಲು ಬ್ರಹ್ಮಾವರದಿಂದ ಫೆಲಿಕ್ಸ್ ಮಾಸ್ಟರು ಬರುತ್ತಿದ್ದರು. ಆಗಿನ್ನೂ ಎಳೆಯ ಪ್ರಾಯದವರು, ಅಗಲ ಪ್ಯಾಂಟು, ಸಿಸ್ಟರುಗಳ ಎದುರು ಮಾತ್ರ ಬಾಚಿದ ತಲೆ. ಅವರ ಮನೆಯ ಪಕ್ಕದಲ್ಲಿ ಡೆನ್ಮಾರ್ಕಿನ ಇಂಜಿನಿಯರರೊಬ್ಬರು ಬಾಡಿಗೆಗಿದ್ದರು, ನೀಲ್ಸನ್ ಎಂದು, ಮೀನುಗಾರಿಕೆ ಬಂದರಿನ ಕೆಲಸಕ್ಕೆ ಬಂದವರು. ಅವರ ಗಿಟಾರು ಹೆಚ್ಚಿನ ಹೊತ್ತು ಮಾಸ್ಟರ ಕೈಯಲ್ಲೇ ಇರುತ್ತಿತ್ತು. ಅದನ್ನು ನಮ್ಮ ಕ್ಲಾಸಿಗೂ ತಂದಿದ್ದರು. ಸ್ಪೇನಿನಲ್ಲಿ ಮಾಡಿದ್ದು ಎಂದು ಹೇಳಿದ್ದು ನೆನಪು. ನಾವು ಹುಡುಗಿಯರು ಹಾಡುವುದು ಬಿಟ್ಟು ಅದನ್ನೇ ನೋಡುತ್ತಿದ್ದೆವು.

ಎರಡು ವರ್ಷದ ಮೇಲೆ ನೀಲ್ಸನ್ ಊರಿಗೆ ಹೊರಟರು. ಹೋಗುವಾಗ ಗಿಟಾರನ್ನು ಮಾಸ್ಟರಿಗೇ ಬಿಟ್ಟುಹೋಗಲು ಬಂದರಂತೆ, ಮಾಸ್ಟರು ಬೇಡ ಎಂದರಂತೆ. ಪುಕ್ಕಟೆ ಬಂದದ್ದು ಯಾರಿಗೆ ಬೇಕು ಎನ್ನುವ ಗತ್ತು ಎಂದು ಕಾನ್ವೆಂಟಿನಿಂದ ಬ್ರಹ್ಮಾವರದವರೆಗೂ ಎಲ್ಲರೂ ಆಡಿಕೊಂಡರು. ಆಮೇಲೆ ಅವರು ಹಾರ್ಮೋನಿಯಮ್ಮಿನಲ್ಲೇ ಕಲಿಸಿದರು. ಬೇರೆ ಗಿಟಾರು ಕೊಳ್ಳಲಿಲ್ಲ. ಯಾರಾದರೂ ಕೇಳಿದರೆ, ಅದರ ಸ್ವರ ಕೇಳಿದ ಮೇಲೆ ಬೇರೆಯದಕ್ಕೆ ಕಿವಿ ಒಪ್ಪುವುದಿಲ್ಲ ಎನ್ನುತ್ತಿದ್ದರು.

ಇಷ್ಟೆಲ್ಲ ಕಳೆದು ನನಗೆ ನರೆ ಬಂದ ಮೇಲೆ ಒಂದು ದಿನ ಮಾಸ್ಟರು ನಮ್ಮ ಆಫೀಸಿನ ಮೆಟ್ಟಿಲು ಹತ್ತಿ ಬಂದರು. ಎಪ್ಪತ್ತೈದು ದಾಟಿತ್ತು. ಕೈಯಲ್ಲಿ ನೀಲ್ಸನ್‌ರ ಮಗಳು ಇಂಗರ್ ಬರೆದ ಕಾಗದ. ಅಪ್ಪ ತೀರಿಕೊಂಡರು, ಗಿಟಾರು ಇಂಡಿಯಾದಲ್ಲೇ ಇರಬೇಕಾಗಿದ್ದದ್ದು ಎಂದು ಯಾವಾಗಲೂ ಹೇಳುತ್ತಿದ್ದರು, ಹಡಗಿನಲ್ಲಿ ಕಳಿಸುತ್ತಿದ್ದೇನೆ ಎಂದಿತ್ತು. ತಂತಿ ಕಟ್ಟುವ ಪಟ್ಟಿ ಸ್ವಲ್ಪ ಎದ್ದಿದೆ, ರಿಪೇರಿ ಬೇಕು ಎಂದೂ, ಹಿಂಬದಿ ಮತ್ತು ಪಕ್ಕ ರೋಸ್‌ವುಡ್ ಎಂದೂ ಬರೆದಿದ್ದರು. ಮಾಸ್ಟರು ಕಾಗದ ಕೊಟ್ಟು ಕೂತರು. ಎಡಗೈಯ ಬೆರಳುಗಳನ್ನು ಬಲಗೈಯಿಂದ ಒಂದೊಂದಾಗಿ ನೀವಿಕೊಳ್ಳುತ್ತಿದ್ದರು. ಗಂಟುನೋವು, ಕ್ರಿಸ್ಮಸ್ಸಿನವರೆಗೆ ಮಡಚಿದರೆ ಮಡಚೀತು, ಆಮೇಲೆ ಗೊತ್ತಿಲ್ಲ ಎಂದು ಡಾಕ್ಟರರು ಹೇಳಿದ್ದಾರೆ ಎಂದರು. ಬೇಗ ಬಿಡಿಸಿಕೊಡು ಎಂದು ಬಾಯಿಬಿಟ್ಟು ಹೇಳಲಿಲ್ಲ. ಬೆರಳು ಹೇಳುತ್ತಿತ್ತು.

ಇಲ್ಲಿ ಹೊಸಬರಿಗೆ ಒಂದು ವಿಷಯ ಹೇಳಬೇಕು. ಅಳಿದುಹೋಗುತ್ತಿರುವ ಗಿಡ, ಪ್ರಾಣಿಗಳ ಸಾಗಾಟದ ಮೇಲೆ ದೇಶಗಳು ಸೇರಿ ಮಾಡಿಕೊಂಡ ಒಪ್ಪಂದವಿದೆ. ನಮ್ಮ ಲೈನಿನಲ್ಲಿ ಸೈಟಿಸ್ ಎನ್ನುತ್ತಾರೆ. ರೋಸ್‌ವುಡ್ ಜಾತಿಯ ಮರಗಳೆಲ್ಲ ಅದರ ಕೆಳಗೆ ಬರುತ್ತವೆ. ಸ್ವಲ್ಪ ಕಾಲ ವೀಣೆ, ಗಿಟಾರುಗಳಿಗೂ ಪರವಾನಗಿ ಬೇಕಾಗಿತ್ತು. ಆಮೇಲೆ ಸಿದ್ಧವಾದ ವಾದ್ಯಗಳಿಗೆ ವಿನಾಯಿತಿ ಕೊಟ್ಟರು. ನಮ್ಮ ಬೀಟೆಯ ವಾದ್ಯಕ್ಕೂ ವಿನಾಯಿತಿ ಉಂಟು. ಬ್ರೆಜಿಲ್ ದೇಶದ ರೋಸ್‌ವುಡ್ಡಿಗೆ ಮಾತ್ರ ಇಲ್ಲ. ಅದು ಎಲ್ಲಕ್ಕಿಂತ ಕಟ್ಟುನಿಟ್ಟಿನ ಪಟ್ಟಿಯಲ್ಲಿದೆ. ಆ ಮರದ ವಾದ್ಯ ಗಡಿ ದಾಟಬೇಕಾದರೆ, ಕಾಯಿದೆ ಬರುವುದಕ್ಕೆ ಮೊದಲೇ ಮಾಡಿದ್ದು ಎಂದು ಕಳಿಸುವ ದೇಶದ ಸರ್ಕಾರ ಸರ್ಟಿಫಿಕೇಟು ಕೊಡಬೇಕು.

ಇದೆಲ್ಲ ನನಗೆ ಬಾಯಿಪಾಠ. ಆದರೂ ಮರದ ಹೆಸರಿನ ಕಾಲಮ್ಮು ಬಂದಾಗ ನನ್ನ ಬೆರಳು ತಡೆಯಲಿಲ್ಲ. ರೋಸ್‌ವುಡ್ ಎಂದರೆ ಘಟ್ಟದ ಕೆಳಗೆ ಹುಟ್ಟಿದವಳಿಗೆ ಬೀಟೆ. ಅಜ್ಜನ ಮಂಚ ಬೀಟೆ, ಕಾನ್ವೆಂಟಿನ ಸಂಗೀತದ ಕೋಣೆಯ ಕಪಾಟು ಬೀಟೆ. ನಮ್ಮ ಬೀಟೆ ಹಡಗು ಹತ್ತಿ ಲೋಕಕ್ಕೆಲ್ಲ ಹೋಗಿದೆ, ಸ್ಪೇನಿಗೂ ಹೋಗಿರುತ್ತದೆ, ಈಗ ಗಿಟಾರಾಗಿ ಮನೆಗೆ ಬರುತ್ತಿದೆ! ಆ ಕಲ್ಪನೆಗೆ ನಾನೇ ಮರುಳಾದೆ. ಇಂಡಿಯನ್ ರೋಸ್‌ವುಡ್ ಎಂದು ಬರೆದೆ, ಪಕ್ಕದಲ್ಲಿ ಅದರ ಲ್ಯಾಟಿನ್ ಹೆಸರನ್ನೂ ಬರೆದೆ. ಸಿಸ್ಟಮ್ಮು ಪರೀಕ್ಷೆ ಬೇಡ ಎಂದಿತು. ಯಾರೂ ಪೆಟ್ಟಿಗೆ ತೆರೆಯಲಿಲ್ಲ. ಗಿಟಾರು ನೆಟ್ಟಗೆ ಕುಂದಾಪುರಕ್ಕೆ ಬಂತು.

ಮಾಸ್ಟರಿಗೆ ಒಪ್ಪಿಸುವ ಮೊದಲು ಎದ್ದ ಪಟ್ಟಿಯನ್ನು ಅಂಟಿಸಿ ಕೊಡೋಣ ಎಂದು ಗುಲ್ವಾಡಿಯ ಶೀನಾಚಾರರನ್ನು ಕರೆಸಿದೆ. ಮದ್ದಳೆಗೆ ಹಲಸಿನ ಕೊರಡು ಕೊರೆದು ಕೊಡುವವರು, ಬಾಗಿಲು, ತೊಟ್ಟಿಲು ಎಲ್ಲ ಮಾಡಿದವರು. ಪೆಟ್ಟಿಗೆಯ ಕ್ಲಿಪ್ಪು ತೆಗೆದೆ. ಮೊಳೆಯ ಸದ್ದಿಲ್ಲದಿದ್ದರೂ ಆ ಹಳೆಯ ಕ್ಷಣ ಬಂತು. ಹೈಸ್ಕೂಲಿನಲ್ಲಿ ಕಂಡಷ್ಟು ದೊಡ್ಡದಿರಲಿಲ್ಲ. ಮುಂಬದಿ ಜೇನಿನ ಬಣ್ಣಕ್ಕೆ ತಿರುಗಿತ್ತು. ನಡುವಿನ ತೂತಿನ ಪಕ್ಕ ಉಗುರಿನಷ್ಟು ಒಂದು ಅರ್ಧಚಂದ್ರದ ಗುಳಿ. ಯಾವುದರಿಂದ ಆಗಿದ್ದೀತು ಎಂದು ನಾನು ಅದನ್ನೇ ಮುಟ್ಟಿ ನೋಡುತ್ತಿದ್ದರೆ, ಆಚಾರರು ಗಿಟಾರನ್ನು ಮಗುಚಿ ಬೆನ್ನು ನೋಡುತ್ತಿದ್ದರು. ಆಮೇಲೆ ತೂತಿನೊಳಗೆ ಬೆರಳು ಹಾಕಿ, ಪಾಲಿಶ್ ಇಲ್ಲದ ಒಳಮೈಯನ್ನು ಉಜ್ಜಿ, ಬೆರಳು ಮೂಸಿದರು. ಇನ್ನೊಮ್ಮೆ ಮೂಸಿದರು.

"ಇದ್ ಯಾವ್ ಮರ ಅಂದ್ರಿ?"

ಬೀಟೆ ಎಂದೆ.

"ಬೀಟಿ ಅಲ್ಲ ಅಮ್ಮ."

ಪಾಲಿಶ್ ಹಾಕಿ ಹಾಕಿ ವಾಸನೆ ಬದಲಾಗಿರಬಹುದು ಎಂದು ನಾನು ವಾದಿಸಿದೆ. ಅವರು ಚೀಲದಿಂದ ಒಂದು ಬೀಟೆಯ ತುಂಡು ತೆಗೆದು, ಉಳಿಯಲ್ಲಿ ಕೆರೆದು ನನ್ನ ಮೂಗಿನ ಹತ್ತಿರ ಹಿಡಿದರು. ಒಣಮಣ್ಣಿಗೆ ಬೆಲ್ಲದ ನೀರು ಬಿದ್ದ ಹಾಗೆ, ನನಗೆ ಚಿಕ್ಕಂದಿನಿಂದ ಗೊತ್ತಿದ್ದ ವಾಸನೆ. "ಈಗ ಅದ್ನ್ ಮೂಸಿ ಕಾಣಿ" ಎಂದರು. ಗಿಟಾರಿನ ತೂತಿಗೆ ಮೂಗಿಟ್ಟೆ. ಗುಲಾಬಿ. ಅದರ ಹಿಂದೆ ದಾಲ್ಚಿನ್ನಿಯಂಥದ್ದು ಏನೋ. ಐವತ್ತು ವರ್ಷ ಮುಚ್ಚಿಟ್ಟ ಅತ್ತರಿನ ಸೀಸೆ ತೆರೆದ ಹಾಗಿತ್ತು. ಆಚಾರರು ಬೆನ್ನಿನ ಕಪ್ಪು ಗೀರುಗಳನ್ನು ತೋರಿಸಿದರು. "ನಮ್ ಬೀಟಿಗೆ ಗೀರ್ ನೆಟ್ಟಗ್ ಹೋತ್ತ್. ಇದ್ ಕಾಣಿ, ಜೇಡನ್ ಬಲೆ. ಎಂತ ಮರ ಅಂತ ನಂಗ್ ಗೊತ್ತಿಲ್ಲೆ. ನಮ್ದಲ್ಲ, ಅಷ್ಟೇ."

ಆ ಮಧ್ಯಾಹ್ನ ಊಟ ಬಿಟ್ಟು ಕಂಪ್ಯೂಟರಿನಲ್ಲಿ ಮರಗಳ ಚಿತ್ರ ನೋಡಿದೆ. ಕುತೂಹಲ ಎಷ್ಟು ಕೆಟ್ಟದ್ದೆಂದರೆ, ನನ್ನ ಕುತ್ತಿಗೆಗೆ ಬರುವ ಸಂಗತಿ ಎಂದು ಗೊತ್ತಿದ್ದೂ ಒಂದೊಂದು ಚಿತ್ರ ತೆರೆಯುವಾಗ ಖುಷಿಯಾಗುತ್ತಿತ್ತು. ಇಂಗರ್‌ಗೆ ಇಮೇಲ್ ಮಾಡಿದೆ. ಮಾರನೆ ದಿನ ಉತ್ತರ ಬಂತು. ಅಪ್ಪ ಅದನ್ನು ಬ್ರೆಜಿಲ್ ಮರ ಎನ್ನುತ್ತಿದ್ದರು, ಏಕೆ ಕೇಳುತ್ತೀರಿ, ಏನಾದರೂ ತೊಂದರೆಯೇ?

ತೊಂದರೆ ಹೀಗಿತ್ತು. ಗಿಟಾರು ಕಸ್ಟಮ್ಸ್ ದಾಟಿ ನನ್ನ ಮೇಜಿನ ಮೇಲಿದೆ. ಸುಮ್ಮನಿದ್ದರೆ ನಾಳೆಯೇ ಮಾಸ್ಟರ ಕೈಯಲ್ಲಿ. ಇಲ್ಲಿ ವಿಷಯ ಗೊತ್ತಿರುವುದು ನನಗೂ ಆಚಾರರಿಗೂ, ಆಚಾರರಿಗೆ ಕಸ್ಟಮ್ಸ್ ಎಂದರೇನೆಂದೇ ಗೊತ್ತಿಲ್ಲ. ಹೇಳಿದರೆ ಗಿಟಾರು ಮುಟ್ಟುಗೋಲಾಗಬಹುದು, ಬಹಳವೆಂದರೆ ವಾಪಸು ಕಳಿಸಲು ಬಿಟ್ಟಾರು. ಅದು ಸರ್ಟಿಫಿಕೇಟಿನೊಡನೆ ಮತ್ತೆ ಬರುವಷ್ಟರಲ್ಲಿ ಆ ಬೆರಳುಗಳು ಮಡಚದೇ ಹೋಗಬಹುದು. ತಪ್ಪು ನನ್ನದು, ಕಳೆದುಕೊಳ್ಳುವವರು ಅವರು. ನಾನು ಕೆಲಸದಲ್ಲಿ ಎದುರಿಸಿದ ಲೆಕ್ಕಗಳಲ್ಲಿ ಇದರಷ್ಟು ಕೆಟ್ಟದ್ದು ಬೇರೆ ಇಲ್ಲ.

ಸಣ್ಣ ರಾಯರಿಗೆ ಫೋನ್ ಮಾಡಿದೆ. "ಅಪ್ಪ ಇದ್ದಿದ್ದರೆ ಏನು ಮಾಡ್ತಿದ್ದರು ಅಂತ ನಿಮಗೂ ಗೊತ್ತು ಮೇಡಂ, ನನಗೂ ಗೊತ್ತು. ಅದೇ ಬೇಜಾರು" ಎಂದು ಫೋನಿಟ್ಟರು. ಕಂಪನಿಯ ಲೈಸೆನ್ಸಿಗೇ ಕುತ್ತು ಬರಬಹುದಾದ ಮಾತನ್ನು ಅವರು ಎತ್ತಲಿಲ್ಲ. ಎತ್ತಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತೋ ಏನೋ.

ಕಸ್ಟಮ್ಸ್‌ಗೆ ಹೋಗುವ ಮೊದಲು ಮಾಸ್ಟರಿಗೆ ನಾನೇ ಹೇಳಬೇಕು ಎಂದು ಬ್ರಹ್ಮಾವರಕ್ಕೆ ಬಸ್ಸು ಹತ್ತಿದೆ. ಗಿಟಾರನ್ನು ಆಫೀಸಿನಲ್ಲೇ ಬಿಟ್ಟೆ. ಅವರು ಒಮ್ಮೆ ಅದನ್ನು ಮಡಿಲಲ್ಲಿ ಇಟ್ಟುಕೊಂಡರೆ ವಾಪಸು ತರುವ ಧೈರ್ಯ ನನಗೆ ಬರುವುದಿಲ್ಲ ಎಂದು ಗೊತ್ತಿತ್ತು. ಸಾಸ್ತಾನದ ಟೋಲಿನಲ್ಲಿ ಬಸ್ಸು ನಿಂತಾಗ ಇಳಿದು ವಾಪಸು ಹೋಗಿಬಿಡಲೇ ಎಂದೂ ಅನ್ನಿಸಿತು.

ಮಾಸ್ಟರು ಜಗಲಿಯಲ್ಲಿ ಕೂತು ಬಿಸಿನೀರಿನ ಬೋಗುಣಿಯಲ್ಲಿ ಬೆರಳು ಅದ್ದಿಕೊಂಡಿದ್ದರು. ನನ್ನ ಖಾಲಿ ಕೈ ನೋಡಿದರು. ನಾನು ಎಲ್ಲವನ್ನೂ ಹೇಳಿದೆ, ಬೀಟೆ ಎಂದು ನಾನೇ ಬರೆದದ್ದನ್ನೂ. ಅವರು ಕೈ ಹೊರತೆಗೆದು ಟವೆಲಿನಲ್ಲಿ ಒರೆಸಿಕೊಂಡರು, ಒಂದೊಂದೇ ಬೆರಳು.

"ಅದ್ ಬ್ರೆಜಿಲ್ ಮರ ಅಂತ ನಂಗೆ ಗೊತ್ತಿದ್ದಿತ್. ನೀಲ್ಸನ್ ಮೊದಲ್ನೇ ದಿನವೇ ಹೇಳಿದ್ದ. ನೀನ್ ಎಂತಕ್ ಕೇಣ್ಲಿಲ್ಲೆ? ಫೋನ್ ಇದ್ದಿತಲ್ಲ?"

ಯಾರ ಪೆಟ್ಟಿಗೆಯಲ್ಲಿ ಎಂತ ಇದೆ ಎಂದು ಜೀವಮಾನವಿಡೀ ಇಣುಕಿದವಳು, ಮಾಲಿನ ಒಡೆಯರಿಗೆ ಒಂದು ಫೋನ್ ಮಾಡಿರಲಿಲ್ಲ.

ಸುಮ್ಮನಿರು ಎಂದು ಅವರು ಒಂದು ಮಾತು ಹೇಳಿದ್ದರೆ ನಾನು ಏನು ಮಾಡುತ್ತಿದ್ದೆನೋ ಇವತ್ತಿಗೂ ಗೊತ್ತಿಲ್ಲ. ಅವರು ಹೇಳಲಿಲ್ಲ. ಮುಖ ತಿರುಗಿಸಿ ಅಂಗಳ ನೋಡಿದರು. "ಒಂದ್ ಸಲ ನಾನೇ ವಾಪಾಸ್ ಕೊಟ್ಟೆ. ಎರಡ್ನೇ ಸಲ ನೀನ್ ಕಳ್ಸುಕೆ ಹೊರ್ಟಿದ್ಯಾ. ಕಳ್ಸ್. ನನ್ನ ಎಂತಕ್ ಕೇಂಬುದ್?" ಎಂದು ಎದ್ದು ಒಳಗೆ ಹೋದರು. ಬೋಗುಣಿಯ ನೀರಿನಿಂದ ಇನ್ನೂ ಹಬೆ ಬರುತ್ತಿತ್ತು.

ಕಸ್ಟಮ್ಸ್ ಅಧಿಕಾರಿ ನನ್ನ ಅರ್ಜಿಯನ್ನು ಎರಡು ಸಲ ಓದಿದರು. ಬಿಡಿಸಿಕೊಂಡು ಹೋದ ಮಾಲನ್ನು ತಪ್ಪಾಗಿದೆ ಎಂದು ತಾವೇ ಹೊತ್ತು ತಂದವರನ್ನು ತನ್ನ ಸರ್ವಿಸಿನಲ್ಲಿ ನೋಡಿಲ್ಲ ಎಂದರು. ಹೊಗಳಿಕೆಯೇನೂ ಆಗಿರಲಿಲ್ಲ, ಅವರ ಕೆಲಸ ಹೆಚ್ಚಿಸಿದ್ದೆ. ಕಂಪನಿಗೆ ನೋಟೀಸು ಬಂತು, ನನಗೆ ಲಿಖಿತ ಎಚ್ಚರಿಕೆ. ಕೊನೆಗೆ ಗಿಟಾರನ್ನು ವಾಪಸು ಕಳಿಸಬಹುದು, ಸರಿಯಾದ ಸರ್ಟಿಫಿಕೇಟಿನೊಡನೆ ಮತ್ತೆ ತರಿಸಿಕೊಳ್ಳಬಹುದು ಎಂದು ಆದೇಶವಾಯಿತು. ಅಂಟಿಸದೆ, ಒಂದು ತಂತಿಯನ್ನೂ ಮುಟ್ಟದೆ ಅದನ್ನು ಹಡಗು ಹತ್ತಿಸಿದೆವು.

ಅತ್ತ ಇಂಗರ್ ಅಲ್ಲಿಯ ಕಚೇರಿಗೆ ಹೋದರೆ, ಗಿಟಾರು ಕಾಯಿದೆಗಿಂತ ಹಳೆಯದು ಎನ್ನುವುದಕ್ಕೆ ಪುರಾವೆ ಏನು ಎಂದು ಕೇಳಿದರಂತೆ. ಕೊಂಡ ರಶೀದಿ ಅವರ ಬಳಿ ಇರಲಿಲ್ಲ. ಆ ಕಾಲದ ಫೋಟೋ ಏನಾದರೂ ನಿಮ್ಮಲ್ಲಿದೆಯೇ ಎಂದು ನನಗೆ ಬರೆದರು. ಇದ್ದರೆ ಅದು ಮಾಸ್ಟರ ಬಳಿ ಮಾತ್ರ ಇರಬೇಕು. ಫೋನ್ ಮಾಡಿದರೆ ಅವರು ನನ್ನ ದನಿ ಕೇಳಿದೊಡನೆ ಇಡುತ್ತಿದ್ದರು. ಮೂರನೆಯ ಸಲ, ಇಡುವ ಮೊದಲೇ ಒಂದೇ ಉಸಿರಿನಲ್ಲಿ ವಿಷಯ ಹೇಳಿಬಿಟ್ಟೆ. ಅವರು ಕೊನೆಯವರೆಗೆ ಕೇಳಿ ಇಟ್ಟರು.

ವಾರ ಕಳೆದು, ಉಡುಪಿ ಕಡೆಯಿಂದ ಬರುವ ಸರ್ವಿಸ್ ಬಸ್ಸಿನ ಕಂಡಕ್ಟರು ಒಂದು ಲಕೋಟೆಯನ್ನು ಕೆಳಗಿನ ಹಂಚಿನ ಅಂಗಡಿಯಲ್ಲಿ ಕೊಟ್ಟು ಹೋದರು. ನಮ್ಮ ಕಡೆ ಔಷಧಿ, ಮಲ್ಲಿಗೆ, ಜಾತಕ ಎಲ್ಲ ಹೀಗೇ ಕಂಡಕ್ಟರ ಕೈಯಲ್ಲಿ ಬರುತ್ತವೆ. ಲಕೋಟೆಯ ಮೇಲೆ ಮಾಸ್ಟರ ಸೊಟ್ಟಗಾದ ಅಕ್ಷರ: ಸ್ಕ್ಯಾನ್ ಮಾಡಿ ವಾಪಸು ಕೊಡುವುದು. ನಮಸ್ಕಾರ ಇಲ್ಲ, ಸಹಿ ಇಲ್ಲ. ಒಳಗೆ ಚರ್ಚಿನ ಹಬ್ಬದ ದಿನದ ಕಪ್ಪುಬಿಳುಪು ಫೋಟೋ. ಅಗಲ ಪ್ಯಾಂಟಿನ ಫೆಲಿಕ್ಸ್ ಮಾಸ್ಟರು, ಎದೆಗವುಚಿದ ಗಿಟಾರು. ಬೆನ್ನಿಗೆ ಸ್ಟುಡಿಯೋದವರ ನೇರಳೆ ಸೀಲು, ತಾರೀಕು, ನೆಗೆಟಿವ್ ನಂಬರು. ಆಗಿನ ಸ್ಟುಡಿಯೋದವರು ಇದನ್ನು ಶಿಸ್ತಾಗಿ ಮಾಡುತ್ತಿದ್ದರು. ಭೂತಗನ್ನಡಿ ಹಿಡಿದೆ. ತೂತಿನ ಪಕ್ಕದಲ್ಲಿ ಆ ಅರ್ಧಚಂದ್ರದ ಗುಳಿ ಸ್ಪಷ್ಟವಾಗಿತ್ತು. ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಅದೇ ಗಿಟಾರ್ ಎನ್ನುವುದಕ್ಕೆ ಇನ್ನೆಂತ ಬೇಕು?

ಅದರ ಮೇಲೆಯೇ ಸರ್ಟಿಫಿಕೇಟು ಆಯಿತು. ಆದರೆ ಕ್ರಿಸ್ಮಸ್ಸು ದಾಟಿತ್ತು, ನಾನು ನಿವೃತ್ತಳಾಗಿದ್ದೆ. ನನ್ನ ಬೀಳ್ಕೊಡುಗೆಯ ದಿನ ಮೇಜಿನ ಮೇಲೆ ತೆರೆದೇ ಉಳಿದಿದ್ದ ಫೈಲು ಅದೊಂದೇ. ಗಿಟಾರು ಎರಡನೆಯ ಸಲ ಮಂಗಳೂರಿಗೆ ಬಂದಾಗ, ನನ್ನ ಕುರ್ಚಿಯಲ್ಲಿ ಕೂತಿದ್ದ ಹೊಸ ಹುಡುಗಿ ಫೋನ್ ಮಾಡಿ, ಕಾಲಮ್ಮಿನಲ್ಲಿ ಎಂತ ಬರೆಯಲಿ ಎಂದು ಕೇಳಿದಳು. ಸರ್ಟಿಫಿಕೇಟಿನಲ್ಲಿ ಎಂತ ಇದೆಯೋ ಅದನ್ನು ಬರೆ, ಪೆಟ್ಟಿಗೆ ತೆರೆಸಿ ನೋಡು, ಮೂಗು ಹಾಕಿಯೂ ನೋಡು ಎಂದೆ. ಅವಳು ನಕ್ಕಳು. ಆದರೆ ನೋಡಿದಳಂತೆ.

ಶೀನಾಚಾರರನ್ನು ಕರೆದುಕೊಂಡು ನಾನೇ ಬ್ರಹ್ಮಾವರಕ್ಕೆ ಒಯ್ದೆ. ಮಾಸ್ಟರು ನನ್ನ ಹತ್ತಿರ ಮಾತಾಡಲಿಲ್ಲ, ಆಚಾರರ ಹತ್ತಿರ ಮಾತಾಡಿದರು. ಪಟ್ಟಿ ಅಂಟಿಸಿ, ಭಾರ ಹೇರಿ, ಒಣಗುವವರೆಗೆ ಮೂರು ದಿನ ಬಿಡಬೇಕೆಂದು ಆಚಾರರು ಹೇಳಿ ಬಂದರು. ನಾಲ್ಕನೆಯ ದಿನ ಮತ್ತೆ ಹೋದೆವು. ಆಚಾರರು ತಂತಿ ಕಟ್ಟಿ ಕೊಟ್ಟರು. ಮಾಸ್ಟರು ಶ್ರುತಿ ಮಾಡಿಕೊಂಡರು, ಕಿವಿ ಇನ್ನೂ ಚುರುಕಾಗಿತ್ತು. ಎಡಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ಉಳಿದೆರಡರಲ್ಲಿ, ನಮಗೆ ಕ್ಲಾಸಿನಲ್ಲಿ ಕಲಿಸಿದ್ದ ಒಂದು ಸ್ತೋತ್ರದ ಅರ್ಧ ಸಾಲು ನುಡಿಸಿದರು. ಅಲ್ಲಿ ಸ್ವರ ತಪ್ಪಿತು. ಮತ್ತೆ ಮೊದಲಿನಿಂದ ಶುರುಮಾಡಿ ಅಲ್ಲೇ ತಪ್ಪಿದರು, ನಿಲ್ಲಿಸಿದರು.

ಆಚಾರರು ಗಂಭೀರವಾಗಿ ಕೇಳಿಸಿಕೊಂಡು, "ನಮ್ ಮದ್ದಳೆ ಒಂದ್ ಪೆಟ್ಟಿಗೆ ಇಡೀ ಊರ್ ಏಳತ್ತ್ ಮಾಸ್ಟ್ರೆ. ಇದ್ ಪಕ್ಕದ್ ಮನಿಗೂ ಕೇಣತ್ತಿಲ್ಲೆ. ಇದ್ಕಾ ಇಷ್ಟೆಲ್ಲ ರಗಳೆ?" ಎಂದರು. ಮಾಸ್ಟರು ನಕ್ಕರು. ತಿಂಗಳುಗಳ ಮೇಲೆ ಮೊದಲ ಬಾರಿ ನನ್ನ ಕಡೆ ನೋಡಿದರು. "ಈ ಹೆಣ್ಣನ್ ಕೇಣಿ. ಈಗ್ಲಾರೂ ಎಂತಾರೂ ಕೇಂಬುದಿದ್ರೆ ಕೇಣ್ಲಿ."

ಕೇಳಬಹುದಾದದ್ದು ಎಷ್ಟೋ ಇತ್ತು. ನಾನು ಕೇಳಿದ್ದು ಆ ಗುಳಿಯ ಬಗ್ಗೆ.

ನೀಲ್ಸನ್‌ರ ಮಗಳು ಇಂಗರ್ ಮಗುವಾಗಿದ್ದಾಗ ಚಮಚದಲ್ಲಿ ಕುಟ್ಟಿ ಮಾಡಿದ್ದು ಎಂದರು. ನಾಲ್ಕು ವರ್ಷದ್ದು, ಅಪ್ಪ ನುಡಿಸಿದರೆ ಮಾತ್ರ ಮಲಗುತ್ತಿತ್ತಂತೆ. ಆವತ್ತು ಏಕೆ ಬೇಡ ಎಂದಿರಿ ಎಂದು ನಾನು ಇನ್ನೊಂದು ಪ್ರಶ್ನೆ ಕೇಳಿದೆ. ಗತ್ತು ಎಂದು ಐವತ್ತು ವರ್ಷದಿಂದ ನನಗೆ ಗೊತ್ತೇ ಇತ್ತು. ಆದರೂ ಕೇಳಿದೆ.

ಮಾಸ್ಟರು ತಂತಿಗಳ ಮೇಲೆ ಅಂಗೈ ಇಟ್ಟು ಸದ್ದು ನಿಲ್ಲಿಸಿದರು.

"ಕಾರ್ ಹೊರ್ಡುಕೆ ನಿಂತಿದ್ದಿತ್. ನೀಲ್ಸನ್ ಗಿಟಾರ್ ನನ್ ಕೈಗ್ ಕೊಟ್ಟ. ಆ ಹೆಣ್ ಸೀಟಿನ್ ಮೇಲೆ ನಿಂತ್ಕಂಡ್ ಒಂದೇ ಸಮ ಕಣ್ಣೀರ್ ಹಾಕಿ ಮರ್ಕ್ತಾ ಇದ್ದಿತ್. ಮರ್ಕುವ ಮಗುವಿನ್ ಕೈಯಿಂದ ತಕಂಬುಕೆ ಆತ್ತಾ? ಬ್ಯಾಡ ಅಂದೆ. ಕಿಟಕಿಲ್ ಕೊಟ್ಟೆ."

ಇಂಗರ್‌ಗೆ ಇದನ್ನು ಬರೆಯಲೇ ಎಂದು ಕೇಳಿದೆ. ಬೇಡ, ಅವಳಿಗೆ ಗೊತ್ತಿರಬೇಕು, ಇಲ್ಲದಿದ್ದರೆ ಎರಡೆರಡು ಸಲ ಕಳಿಸುತ್ತಿರಲಿಲ್ಲ ಎಂದರು.

ಬಸ್ಸಿಗೆ ಹೊತ್ತಾಯಿತೆಂದು ಆಚಾರರು ಅವಸರ ಮಾಡಿದರು. ನಾನು ಚೀಲದಿಂದ ಆ ಫೋಟೋ ತೆಗೆದು ಕೊಟ್ಟೆ, ಸ್ಕ್ಯಾನ್ ಮಾಡಿ ಇಷ್ಟು ದಿನ ಜೋಪಾನವಾಗಿ ಇಟ್ಟದ್ದು. ಅವರು ನೋಡಿ ಪಕ್ಕದ ಕುರ್ಚಿಯ ಮೇಲಿಟ್ಟರು. ಮುಂದಿನ ಮಳೆಗಾಲದಲ್ಲಿ ಅವರು ತೀರಿಕೊಂಡಾಗ ನಾನು ತಂಗಿಯ ಮನೆಗೆ ಮುಂಬೈಗೆ ಹೋಗಿದ್ದೆ, ಮಣ್ಣಿಗೂ ಬರಲಾಗಲಿಲ್ಲ.

ಫೋಟೋ ಕೊಟ್ಟು ಹೊರಟ ಆ ದಿನ ಗೇಟಿನ ಹತ್ತಿರ ಹೋಗಿ, ಅಭ್ಯಾಸಬಲ, ಒಮ್ಮೆ ತಿರುಗಿ ಇಣುಕಿ ನೋಡಿದೆ. ಮಾಸ್ಟರು ನುಡಿಸುತ್ತಿರಲಿಲ್ಲ. ಗಿಟಾರನ್ನು ಮಡಿಲಲ್ಲಿ ಮಲಗಿಸಿಕೊಂಡು, ಮಡಚದ ಬೆರಳೊಂದನ್ನು ಆ ಗುಳಿಯ ಮೇಲಿಟ್ಟು, ತೂತಿಗೆ ಮೂಗು ತಾಗುವಷ್ಟು ಬಗ್ಗಿದ್ದರು.